ಅಕ್ಕನ ಹಲಸಿನ ಹಲಗೆ ಮತ್ತು ನನ್ನ ರೂಟರ್ ಪಾಂಡಿತ್ಯ

ಮೊನ್ನೆ ನನ್ನ ಹೆಂಡತಿ ಬೀರುವಿನ ತಳದಿಂದ ನನ್ನದೊಂದು ಹಳೇ ಅಂಗಿ ತೆಗೆದು ಬಿಸಿಲಿಗೆ ಹಾಕಲು ಕೊಡವಿದಳು. ಜೇಬಿನಿಂದ ಒಂದು ಚಿಟಿಕೆ ಹಳದಿ ಪುಡಿ ಉದುರಿತು. "ಇದೇನ್ರೀ, ಜೇಬಲ್ಲಿ ಅರಿಸಿನ ಮಡಿಕಂಡು ಓಡಾಡ್ತಿದ್ರಾ?" ಅಂದಳು. ಅರಿಸಿನಕ್ಕೆ ಹೆಸರಾದ ಈರೋಡು ಜಿಲ್ಲೆಯವರು ನಾವು, ಅನುಮಾನ ಸಹಜವೇ. ಮೂಸಿ ನೋಡಿದೆ. ಅರಿಸಿನವಲ್ಲ, ಹಲಸಿನ ಮರದ ಹೊಟ್ಟು. ತಕ್ಷಣ ನನ್ನ ಎರಡು ಕಿವಿಯೂ ಬಿಸಿಯಾದವು. ಯಾಕೆ ಅಂತ ಹೇಳುತ್ತೇನೆ, ಕೂತುಕೊಳ್ಳಿ. ನಿವೃತ್ತ ಮೇಷ್ಟರ ಕೈಗೆ ಸಿಕ್ಕಿದ್ದೀರಿ, ಹೇಗೂ ಬೇಗ ಬಿಡೋದಿಲ್ಲ.

ಮೂವತ್ತು ವರ್ಷ ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವನು. ನಿವೃತ್ತಿಯಾದ ಮೇಲೆ ನನ್ನ ಜೊತೆಯವರು ಒಬ್ಬೊಬ್ಬರೂ ಒಂದೊಂದು ದಾರಿ ಹಿಡಿದರು: ಕೆಲವರು ದೇವಸ್ಥಾನದ ಕಮಿಟಿ, ಕೆಲವರು ಸಕ್ಕರೆ ಕಾಯಿಲೆ. ನಾನು ರೂಟರ್ ಹಿಡಿದೆ. ರೂಟರ್ ಅಂದರೆ ಇಂಟರ್ನೆಟ್ಟಿನದಲ್ಲ ಮಾರಾಯರೇ, ಮರಗೆಲಸದ್ದು. ಎರಡು ಹಿಡಿಯ ಒಂದು ಮೋಟಾರು. ಅದರ ಬಾಯಿಗೆ ಬಿಟ್ ಅನ್ನುವ ಉಕ್ಕಿನ ಅಲಗು ಕಚ್ಚಿಸಿದರೆ ಮರದ ಅಂಚನ್ನು ಬೇಕಾದ ಆಕಾರಕ್ಕೆ ಕೆತ್ತುತ್ತದೆ. ಮೂರು ತಿಂಗಳು ಫೋನಿನಲ್ಲಿ ವಿಡಿಯೋ ನೋಡಿ ಪರಮಜ್ಞಾನಿಯಾದೆ. ಅಷ್ಟು ಜ್ಞಾನದಿಂದ ಹುಟ್ಟಿದ್ದು ಒಂದು ಸ್ಟೂಲು. ಅದರ ನಾಲ್ಕು ಕಾಲಲ್ಲಿ ಮೂರು ಮಾತ್ರ ನೆಲ ಮುಟ್ಟುತ್ತಿದ್ದವು. ನೆಲವೇ ಸರಿಯಿಲ್ಲ ಅಂತ ಹೆಂಡತಿಗೆ ವಿವರಿಸಿದೆ.

ಈ ಹೊತ್ತಿಗೆ ಜೀರಹಳ್ಳಿಯಲ್ಲಿರುವ ನನ್ನ ಅಕ್ಕನ ಮನೆಯ ಹಿತ್ತಲಿಗೆ ಆನೆ ಬಂತು. ಹಣ್ಣಿನ ವಾಸನೆ ಹಿಡಿದು ಬಂದದ್ದು, ತಿಂದು ಹೋಗುವುದು ಬಿಟ್ಟು ಹಲಸಿನ ಮರವನ್ನೇ ಬುಡ ಸಮೇತ ಕೆಡವಿತು. ಅಕ್ಕ ಅತ್ತಳು. ಭಾವ ಗದರಿದರು: ಸೌದೆಗಾಯ್ತು, ಅಳೋದೇನು? ಅದಕ್ಕೆ ಅಕ್ಕ ಅಂದದ್ದು ನನಗೆ ಈಗಲೂ ನೆನಪಿದೆ. "ಸೊಸೆಯಾಗಿ ಬಂದ ವರ್ಸ ನಾನೇ ಬೀಜ ಊತದ್ದು. ಈ ಮನೇಲಿ ಮಿಕ್ಕದ್ದೆಲ್ಲಾ ನಾ ಬರಾಕೆ ಮುಂಚ್ಲಿಂದ್ಲೂ ಇತ್ತು. ನಂದು ಅಂತ ಇದ್ದದ್ದು ಅದೊಂದೆಯಾ."

ಮರ ಕುಯ್ಯಿಸಿದಾಗ ಒಳಗೆ ಅರ್ಧ ಪೊಳ್ಳು. ಒಳ್ಳೆಯ ಹಲಗೆ ಸಿಕ್ಕಿದ್ದು ನಾಲ್ಕೇ ನಾಲ್ಕು. ಅವನ್ನು ಎರಡು ಬೇಸಿಗೆ ಅಟ್ಟದ ಮೇಲೆ ಒಣಗಿಸಿ, ಅಡುಗೆಮನೆ ಬೀರುವಿಗೆ ನಾಲ್ಕು ಬಾಗಿಲು ಮಾಡಿಸಬೇಕೆಂದು ಆಸೆಪಟ್ಟಳು. ಸುತ್ತ ತೇಗದ ಚೌಕಟ್ಟು, ಅದರೊಳಗೆ ನಡು ಉಬ್ಬಿ ಅಂಚು ಇಳಿಜಾರಾದ ಹಲಸಿನ ಹಲಗೆ. ಗೆಟ್ಟವಾಡಿಯ ಸಿದ್ದಾಚಾರಿಗೆ ಕೆಲಸ ಒಪ್ಪಿಸುವವಳಿದ್ದಳು. ನಾನು ಬಿಡುತ್ತೇನೆಯೇ?

"ಅಕ್ಕ, ಆಚಾರ್ರು ಕೈಯಲ್ಲಿ ಉಜ್ಜಿ ಮುಗಿಸೋ ಹೊತ್ಗೆ ಇನ್ನೊಂದು ಮರ ಬೆಳೆದಿರ್ತದೆ. ನಾನು ಮಾಡ್ಕೊಡ್ತೀನಿ."

ಅಕ್ಕ ನನ್ನನ್ನೂ ಹಲಗೆಗಳನ್ನೂ ನಾಲ್ಕು ಸಲ ನೋಡಿದಳು. "ಆಳ್ ಮಾಡ್ಬುಟ್ರೆ ಇನ್ನೊಂದ್ ಅಲಗೆ ಎಲ್ಲಿಂದ ತಂದೀಯ್ಲಾ?" ಅಂದಳು. ಆದರೂ ಕೊಟ್ಟಳು. ತಮ್ಮ ಅಂತ ಕೊಟ್ಟಳು. ಮೇಷ್ಟ್ರು ಅಂತ ಖಂಡಿತ ಅಲ್ಲ.

ಬಿಟ್ ತರಲು ಘಟ್ಟ ಇಳಿದು ಸತ್ಯಮಂಗಲಕ್ಕೆ ಹೋದೆ. ಬಸ್ಸಿನಲ್ಲಿ ಪಕ್ಕದವರಿಗೆ ಬಿಟ್‌ಗಳ ಬಗ್ಗೆ ಪಾಠ ಮಾಡುತ್ತಲೇ ಇದ್ದೆ. ಅವರು ಹಾಸನೂರಿನಲ್ಲಿ ಇಳಿದುಹೋದರು. ಟಿಕೆಟ್ ಸತ್ಯಮಂಗಲದವರೆಗೆ ತೆಗೆದುಕೊಂಡದ್ದನ್ನು ನಾನೇ ನೋಡಿದ್ದೆ.

ಅಂಗಡಿಯವರು ತಮಿಳರು, ತಾಳ್ಮೆಯ ಮನುಷ್ಯ. ಮೂರು ಬಿಟ್ ಮುಂದಿಟ್ಟರು. ಒಂದು ಚಪ್ಪಟೆ, ಅಂಗೈಯಗಲ. ಅದನ್ನು ಕೈಯಲ್ಲಿ ಹಿಡಿದು ಓಡಿಸುವ ಹಾಗಿಲ್ಲ, ಮಿಷನ್ನನ್ನು ಮೇಜಿನ ಕೆಳಗೆ ತಲೆಕೆಳಗಾಗಿ ಬಿಗಿದು ನಿಧಾನವಾಗಿ ತಿರುಗಿಸಬೇಕು. ಇನ್ನೊಂದು ಸಣಕಲು, ಹಲಗೆಯನ್ನು ನಿಲ್ಲಿಸಿ ತಳ್ಳಬೇಕು, ಸಣ್ಣ ಮಿಷನ್ನಿಗೂ ಭಾರವಾಗದು. ಮೂರನೆಯದು ಮೊದಲನೆಯದರ ಹಾಗೇ ಅಗಲ, ಆದರೆ ಮೇಲೊಂದು ಮರಿ ಅಲಗು ಇತ್ತು. ಅದು ಹಲಗೆಯ ಹಿಂಬದಿಯನ್ನೂ ಕೆತ್ತಿ, ಅಂಚನ್ನು ಸರಿಯಾಗಿ ಎರಡು ನೂಲಿಗೆ ಇಳಿಸುತ್ತದೆ. ನೂಲು ಅಂದರೆ ನಮ್ಮ ಕಡೆ ಮರಗೆಲಸದವರ ಅಳತೆ, ಅಂಗುಲದ ಎಂಟನೇ ಒಂದು ಪಾಲು. ಚೌಕಟ್ಟಿನ ಗಾಡಿ, ಅಂದರೆ ಹಲಗೆ ಕೂರಲು ಒಳಅಂಚಿನಲ್ಲಿ ಕೊರೆದ ತೋಡು, ಅದೂ ಎರಡು ನೂಲೇ ಇರುವುದರಿಂದ ಹಲಗೆ ತಾನೇ ಜಾರಿ ಕೂರುತ್ತದೆ.

"ಇದ ಎಡುಂಗ ಸಾರ್," ಅಂತ ಅವರು ಮೂರನೆಯದನ್ನೇ ತಳ್ಳಿದರು. "ಕೊಂಜಂ ಲೂಸಾ ಇರುಕ್ಕಣುಂ." ಹಲಗೆ ಸ್ವಲ್ಪ ಸಡಿಲ ಇರಬೇಕಂತೆ.

ಸಡಿಲ! ನಮ್ಮ ಕಡೆಯವರ ಒಂದು ಚಾಳಿ ನಿಮಗೆ ಹೇಳಬೇಕು. ನಮ್ಮವರು ಏನು ಕಂಡರೂ ಬೆರಳು ಮಡಚಿ ತಟ್ಟುತ್ತಾರೆ. ಹಲಸಿನಕಾಯಿ ತಟ್ಟಿ ಬಲಿತಿದೆಯೋ ನೋಡುತ್ತಾರೆ, ತೆಂಗಿನಕಾಯಿ ತಟ್ಟುತ್ತಾರೆ, ಮಡಕೆ ತಟ್ಟುತ್ತಾರೆ. ಹೊಸ ಮನೆಗೆ ಬಂದವರು ಕಾಫಿ ಕುಡಿಯುವ ಮೊದಲು ಬಾಗಿಲು, ಕಿಟಕಿ, ಬೀರು ಎಲ್ಲವನ್ನೂ ತಟ್ಟಿಯೇ ಕೂರುವುದು. ಗಟ್ಟಿ ಸದ್ದು ಬಂದರೆ ಸುಮ್ಮನೆ ತಲೆಯಾಡಿಸುತ್ತಾರೆ. ಲೊಟಲೊಟ ಅಂದರೋ, ಆ ಮನೆಯ ಮಾನ ಸಂತೆಯ ಹೊತ್ತಿಗೆ ತಾಳವಾಡಿ ತಲುಪಿರುತ್ತದೆ. ಇಂಥವರ ಮುಂದೆ ಸಡಿಲ ಹಲಗೆಯ ಬಾಗಿಲೇ? ಮೊದಲನೆಯದನ್ನೇ ಎತ್ತಿಕೊಂಡೆ. ಮರಿ ಅಲಗು ಇಲ್ಲದ್ದರಿಂದ ಅಂಚನ್ನು ನನಗೆ ಬೇಕಾದಷ್ಟು ದಪ್ಪ ಬಿಡಬಹುದು, ಗಾಡಿಗೆ ಬಡಿದು ಕೂರಿಸಬಹುದು ಅನ್ನುವುದು ನನ್ನ ಲೆಕ್ಕ. ನೋಡುವುದಕ್ಕೂ ಅದೇ ಗತ್ತಾಗಿತ್ತು, ಸುಳ್ಳು ಯಾಕೆ ಹೇಳಲಿ.

ಸಿದ್ದಾಚಾರಿ ಎಪ್ಪತ್ತು ದಾಟಿದವರು. ಕೆಲಸ ಕೈತಪ್ಪಿತಲ್ಲ ಅಂತ ಮುನಿಸಿಕೊಳ್ಳದೆ ನೋಡಲು ಬಂದರು. ಹಳೇ ಸ್ಕೂಲ್ ಬೆಂಚಿಗೆ ತೂತು ಕೊರೆದು ಮಿಷನ್ ಬಿಗಿದುಕೊಟ್ಟವರೂ ಅವರೇ. ಮೊದಲು ಒಂದು ಚೂರು ಮರಕ್ಕೆ ಪೂರಾ ವೇಗದಲ್ಲಿ ಬಿಟ್ ಕೊಟ್ಟೆ. ಮರ ಕರ್ರಗೆ ಸುಟ್ಟಿತು, ಸದ್ದಿಗೆ ಪಕ್ಕದ ಮನೆಯ ಎಮ್ಮೆ ಹಗ್ಗ ಕಿತ್ತುಕೊಂಡಿತು. "ವೇಗ ತಗ್ಸಿ ಮೇಷ್ಟ್ರೇ. ಒಂದೇ ಗುಕ್ಕಿಗೆ ನುಂಗ್ಬ್ಯಾಡಿ, ಒಸಿ ಒಸಿ ತೆಗೀರಿ. ಮೊದ್ಲು ಅಡ್ಡ, ಆಮ್ಯಾಕೆ ಉದ್ದ," ಅಂದರು. ಅಷ್ಟನ್ನು ಕೇಳಿದೆ. ಹಳದಿ ಹೊಟ್ಟು ಹಾರಿ ಮೀಸೆ ಬಂಗಾರವಾಯಿತು. ಹಲಗೆಗಳು ಮಾತ್ರ ಏನು ಚೆಂದ ಬಂದವು ಅಂತೀರಿ! ಜೇನಿನ ಬಣ್ಣ.

ತೇಗದ ಚೌಕಟ್ಟಿನೊಳಗೆ ಕೂರಿಸುವಾಗ ಆಚಾರಿ ನನ್ನ ಕೈ ಹಿಡಿದರು. "ಎರಡೂ ಪಕ್ಕ ಒಂದೊಂದ್ ನೂಲು ತೆಗ್ದುಬುಡಿ. ಈಗ ಒಣಬ್ಯಾಸ್ಗೆ. ಮಳೆ ಬಿದ್ರೆ ಅಲಗೆ ಅಗ್ಲಾಯ್ತದೆ."

"ಆಚಾರ್ರೇ, ಎರಡು ವರ್ಷ ಒಣಗಿದ ಮರ," ಅಂದೆ. ಅದೂ ಎಂಥ ಧ್ವನಿಯಲ್ಲಿ! ರೈಲು ಕಂಬಿಗಳ ನಡುವೆ ಸಂದು ಯಾಕೆ ಬಿಡುತ್ತಾರೆ ಅನ್ನುವ ಎರಡು ಮಾರ್ಕಿನ ಪ್ರಶ್ನೆಯನ್ನು ಮೂವತ್ತು ವರ್ಷ ಕೇಳಿ, ಬರೆಯದವರಿಗೆ ಸೊನ್ನೆ ಹಾಕಿದ ಮನುಷ್ಯ ನಾನು. ಮರದ ಸುತ್ತಿಗೆ ತೆಗೆದುಕೊಂಡು ಬಡಿದು ಕೂರಿಸಿದೆ. ಸಾಲದ್ದಕ್ಕೆ ಸುತ್ತಲೂ ಗೋಂದು. ತಟ್ಟಿದರೆ ಬಂಡೆ ತಟ್ಟಿದಂತೆ. ಅಕ್ಕನ ಮನೆಗೆ ಬಂದವರೆಲ್ಲ ತಟ್ಟಿದರು, ತಲೆಯಾಡಿಸಿದರು. ನಾನು ಮಿಷನ್ ಜೊತೆ ನಿಂತು ಫೋಟೋ ತೆಗೆಸಿ ಮರಗೆಲಸದ ವಾಟ್ಸಾಪ್ ಗುಂಪಿಗೆ ಹಾಕಿದೆ. ಪ್ಯಾನೆಲ್ ಬಾಗಿಲಿನ ಬಗ್ಗೆ ಸಂದೇಹವಿದ್ದವರು ಸಂಪರ್ಕಿಸಬಹುದು ಅಂತ ಬೇರೆ ಬರೆದೆ.

ಮಳೆ ಹಿಡಿಯಿತು. ಎರಡು ವಾರ ಬಿಡಲೇ ಇಲ್ಲ. ಒಂದು ಬೆಳಿಗ್ಗೆ ಅಕ್ಕನ ಫೋನು. "ಬಾಗ್ಲು ಬಾಯ್ ಬುಟ್ಟದೆ, ಬಂದು ನೋಡ್ಲಾ."

ಅಷ್ಟೇ ಹೇಳಿ ಇಟ್ಟಳು. ಬಸ್ಸಿನಲ್ಲಿ ನನಗೆ ಆದ ಭಯ ಹೇಳತೀರದು. ಅಕ್ಕನ ಹಲಗೆ ನಡುವೆ ಸೀಳಿದ್ದು ಕಣ್ಣಿಗೆ ಕಟ್ಟುತ್ತಿತ್ತು. ಅವಳದು ಅಂತ ಆ ಮನೆಯಲ್ಲಿದ್ದ ಒಂದೇ ಒಂದನ್ನು ಆನೆ ಅರ್ಧ ಹಾಳು ಮಾಡಿತ್ತು, ಉಳಿದರ್ಧಕ್ಕೆ ನಾನು. ಆನೆಗಾದರೂ ಹಸಿವಿತ್ತು. ಅವತ್ತು ಪಕ್ಕದಲ್ಲಿ ಕೂತವರಿಗೆ ನಾನು ಒಂದು ಮಾತೂ ಆಡಲಿಲ್ಲ.

ಹೋಗಿ ನೋಡುತ್ತೇನೆ, ಸೀಳಿದ್ದು ಹಲಗೆಯಲ್ಲ, ಚೌಕಟ್ಟು! ಹಲಸು ಮಳೆಯ ತೇವ ಕುಡಿದು ಅಗಲವಾಗಿ ಎರಡೂ ಪಕ್ಕದ ತೇಗವನ್ನು ದೂಡಿ ನಾಲ್ಕು ಬಾಗಿಲಿನ ಮೂಲೆ ಕೀಲುಗಳನ್ನೂ ಬಿಚ್ಚಿಹಾಕಿತ್ತು. ನಾಲ್ಕು ಹಲಗೆಯ ಮೇಲೂ ಕೈಯಾಡಿಸಿದೆ. ಒಂದು ಗೀರಿಲ್ಲ. ಅಲ್ಲೇ ನೆಲದ ಮೇಲೆ ಕೂತೆ, ಕಣ್ಣಲ್ಲಿ ನೀರು ಬಂತು. ಬರಲಿ ಬಿಡಿ, ಅಕ್ಕನ ಮುಂದೆ ಏನು ನಾಚಿಕೆ.

"ಅಕ್ಕ, ಆಚಾರ್ರು ಹೇಳಿದ್ರು. ಅಂಗಡಿಯವ್ರೂ ಹೇಳಿದ್ರು. ನಾನೇ ಕೇಳ್ಲಿಲ್ಲ. ತಪ್ಪು ನಂದು."

ಅಕ್ಕ ಒಂದು ಲೋಟ ಕಾಫಿ ತಂದು ಮುಂದಿಟ್ಟಳು. "ತಪ್ಪು ಅಂತ ನೀನಂದದ್ದು ಇದೇ ಮೊದ್ಲು ಕಣ್ಲಾ. ಇದ್ಕೆ ನಾಲ್ಕು ಬಾಗ್ಲು ಓದ್ರೆ ಓಯ್ತವೆ, ಕುಡಿ," ಅಂದಳು.

ಸಿದ್ದಾಚಾರಿ ಹೊಸ ಚೌಕಟ್ಟು ಮಾಡಿದರು. ಹಲಗೆಗಳ ಅಂಚಿನ ಗೋಂದು ಕೆರೆದು, ಎರಡೂ ಪಕ್ಕ ಒಂದೊಂದು ನೂಲು ತೆಗೆದವನು ನಾನು, ಉಜ್ಜುಗೊರಡಿನಲ್ಲಿ, ಅವರು ಪಕ್ಕದಲ್ಲಿ ಎಲೆಯಡಿಕೆ ಜಗಿಯುತ್ತ ನೋಡುತ್ತಿದ್ದಾಗ. ಗೋಂದಿಲ್ಲ, ಬಡಿತವಿಲ್ಲ. ಹಲಗೆ ತನ್ನ ಪಾಡಿಗೆ ತಾನು ಗಾಡಿಯಲ್ಲಿ ಕೂತಿತು. ಬೇಸಿಗೆಯಲ್ಲಿ ಬಾಗಿಲು ತೆಗೆದರೆ ಲೊಟ ಅನ್ನುತ್ತದೆ.

ಹೋದ ವಾರ ಅಕ್ಕನ ಮನೆಗೆ ಹೋಗಿದ್ದೆ. ಬಿಸಿಲು ಸುಡುತ್ತಿತ್ತು. ಭಾವನ ಕಡೆಯ ನೆಂಟರೊಬ್ಬರು, ವಯಸ್ಸಾದ ಹೆಂಗಸು, ಬಂದವರೇ ಬೀರುವಿನ ಬಾಗಿಲು ತಟ್ಟಿದರು. ಲೊಟಲೊಟ. ಇನ್ನೊಂದನ್ನು ತಟ್ಟಿದರು. ಅದೂ ಲೊಟಲೊಟ. "ಯಾರವ್ವ ಮಾಡ್ದೋನು? ಸಡ್ಲ ಬುಟ್ಟವ್ನಲ್ಲಾ!" ಅಂದರು.

ಮರ, ತೇವ, ಹಿಗ್ಗುವಿಕೆ, ರೈಲು ಕಂಬಿ, ಎಲ್ಲವೂ ನನ್ನ ನಾಲಿಗೆಯ ತುದಿಗೆ ಬಂದು ನಿಂತವು. ಬಾಯಿ ತೆರೆದೆ. ಅಷ್ಟರಲ್ಲಿ ಅಕ್ಕ ಬಂದು ಹಲಗೆಯ ಮೇಲೆ ಅಂಗೈ ಇಟ್ಟಳು.

"ನನ್ ಮರ ಕಣವ್ವ. ಬ್ಯಾಸ್ಗೇಲಿ ಒಸಿ ಮಾತಾಡ್ತದೆ, ಮಳೆ ಬಂದ್ರೆ ಸುಮ್ಕಾಯ್ತದೆ. ನನ್ ತಮ್ಮನಂಗಲ್ಲ."

ನಾನು ಬಾಯಿ ಮುಚ್ಚಿದೆ.