ರಂಗನಾಥ ನಮ್ಮ ಯಜಮಾನರನ್ನು ಕಬ್ಬಿನ ಗದ್ದೆಯಲ್ಲಿ ಕಾಯ್ದದ್ದು

ಎಪ್ಪತ್ತೊಂದರ ಯುದ್ಧದಲ್ಲಿ ನನ್ನ ಯಜಮಾನರು ಚಿಕ್ಕೇಗೌಡರು ಕಾಣೆಯಾದರೆಂದು ತಂತಿ ಬಂದಾಗ ನಾನು ಬಸುರಿ. ಕೃಷ್ಣರಾಜಪೇಟೆಯ ಹತ್ತಿರದ ನಮ್ಮೂರಿನಲ್ಲಿ ಆ ದಿನ ಯಾರೂ ಒಲೆ ಹಚ್ಚಲಿಲ್ಲ.

ಮಾರನೆಯ ದಿನ ಅತ್ತೆ ನನ್ನನ್ನು ಬಸ್ಸು ಹತ್ತಿಸಿಕೊಂಡು, ಪಾಂಡವಪುರದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದು ಶ್ರೀರಂಗಪಟ್ಟಣಕ್ಕೆ ಕರೆದೊಯ್ದರು. ಮಲಗಿದ ರಂಗನಾಥನ ಮುಂದೆ ನಿಂತಾಗ ಗಂಡನನ್ನು ಉಳಿಸು ಎಂದು ಕೇಳಲು ಬಾಯಿ ಬರಲಿಲ್ಲ. "ಸ್ವಾಮಿ, ಎಲ್ಲೇ ಇರಲಿ, ಬಾಯಾರಿದಾಗ ಯಾರಾದರೂ ನೀರು ಕೊಡಲಿ" ಎಂದಷ್ಟೇ ಅಂದೆ.

ಯುದ್ಧ ನಿಂತಿತು. ಬೇರೆ ಸಿಪಾಯಿಗಳ ಮನೆಗೆ ಕಾಗದಗಳು ಬಂದವು, ನಮಗೆ ಬರಲಿಲ್ಲ. ನನ್ನ ಸೋದರಮಾವ ಬಂದು, "ಇನ್ನೆಷ್ಟ್ ದಿನ ಕಾಯ್ತೀರಿ? ತಿಥಿ ಮಾಡ್ಬುಡಿ" ಎಂದರು.

"ನನ್ ಮಗನ್ ಎಣ ನೋಡಿದ್ದೀಯೇನ್ಲಾ? ಎದ್ದೋಗು" ಎಂದರು ಅತ್ತೆ. ಸೋದರಮಾವ ಹೋದ ಮೇಲೆ ಹಿತ್ತಲಿಗೆ ಹೋಗಿ ಸೆರಗು ಕಚ್ಚಿಕೊಂಡು ಅತ್ತರು.

ಒಂದು ದಿನ ಕಣದಲ್ಲಿ ರಾಗಿ ತೂರುತ್ತಿದ್ದೆವು. ರಸ್ತೆಯಿಂದ ಯಾರೋ ಕುಂಟುತ್ತಾ ಬಂದರು.

"ಯಾರ್ಲಾ ಅದು?"

"ನಾನು ಕಣವ್ವ."

ಅತ್ತೆಯ ಕೈಯಿಂದ ಮೊರ ಜಾರಿತು.

ನಡೆದದ್ದನ್ನು ಯಜಮಾನರು ಒಂದೇ ಸಲ ಹೇಳಿದರು. ಶತ್ರುಗಳು ಅವರನ್ನೂ ಜೊತೆಯ ಸಿಪಾಯಿ, ನಾಗಮಂಗಲದ ಕಡೆಯ ನಂಜಪ್ಪನವರನ್ನೂ ಸೆರೆಹಿಡಿದು ಲಾರಿಯಲ್ಲಿ ಸಾಗಿಸುತ್ತಿದ್ದರು. ಲಾರಿ ಕೆಸರಿನಲ್ಲಿ ಹೂತಾಗ ಇಳಿಸಿ ತಳ್ಳಿಸಿದರು. ದಟ್ಟ ಮಂಜು. ಇಬ್ಬರೂ ಓಡಿದರು. ಗುಂಡಿನ ಸದ್ದಾಯಿತು, ನಂಜಪ್ಪ ಬಿದ್ದರು. "ನಿಲ್ಬ್ಯಾಡ, ಓಡ್ಲಾ ಚಿಕ್ಕ" ಎಂದು ಕೂಗಿದ್ದೇ ಅವರ ಕೊನೆಯ ಮಾತು. ಯಜಮಾನರು ಕಾಲಿಗೆ ಗುಂಡು ತಗುಲಿದರೂ ಕಬ್ಬಿನ ಗದ್ದೆಗೆ ನುಗ್ಗಿ ಅಡಗಿದರು. ಅಲ್ಲಿಗೆ ಸೋಗೆ ಕೊಯ್ಯಲು ಬಂದ ಶತ್ರುದೇಶದ ಮುದುಕಿಯೊಬ್ಬಳು ಅವರನ್ನು ಕಂಡಳು. ಕೂಗಲಿಲ್ಲ. ತನ್ನ ಚೆಂಬಿನ ನೀರು ಕುಡಿಸಿ, ಗಡಿಯ ದಿಕ್ಕಿಗೆ ಕೈ ತೋರಿಸಿ, ಸೋಗೆಯ ಹೊರೆ ಹೊತ್ತು ಹೋದಳು. ತೆವಳುತ್ತಾ ನಮ್ಮವರ ಕಾವಲು ಠಾಣೆ ಸೇರಿದ ಯಜಮಾನರು ಜ್ವರದಲ್ಲಿ ಮೈಮರೆತು ಬಹಳ ಕಾಲ ಮಿಲಿಟರಿ ಆಸ್ಪತ್ರೆಯಲ್ಲಿದ್ದರು; ಗುರುತಿನ ಬಿಲ್ಲೆ ಕಳೆದುಹೋಗಿದ್ದರಿಂದ ಅವರು ಯಾರೆಂದು ಅಲ್ಲಿನವರಿಗೆ ತಿಳಿಯದೆ ನಮಗೆ ಸುದ್ದಿ ಬಂದಿರಲಿಲ್ಲ.

ಅವಳು ನೀರು ಕೊಟ್ಟದ್ದು ಯಾವ ದಿನವೋ ಅವರಿಗೆ ನೆನಪಿರಲಿಲ್ಲ. ನಾನು ಕೆದಕಲಿಲ್ಲ.

ಕಾಲು ಸ್ವಲ್ಪ ವಾಸಿಯಾದ ಮೇಲೆ ನಂಜಪ್ಪನವರ ಹೆಂಡತಿ ಗೌರಮ್ಮನನ್ನು ಕಾಣಲು ಹೋದೆವು. ನಾನು ಹೊಸಿಲ ಹೊರಗೇ ನಿಂತುಕೊಂಡೆ. ಆಕೆಯೂ ದೇವರನ್ನು ಬೇಡಿಕೊಂಡವಳೇ ಅಲ್ಲವೇ? ಆಕೆ ಕುಳಿತು ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ಯಜಮಾನರ ಕೈ ಹಿಡಿದು, "ಎಂಗೋದ್ರು ಅಂತ ಏಳಕ್ಕಾದ್ರೂ ನಿನ್ನ ಕಳಿಸ್ದನಲ್ಲಣ್ಣ ದೇವ್ರು" ಎಂದಳು.

ಯಜಮಾನರು ಹೋದ ವರ್ಷ, ಮಕ್ಕಳು ಮೊಮ್ಮಕ್ಕಳ ನಡುವೆ, ತಮ್ಮ ಹಾಸಿಗೆಯಲ್ಲಿ ಕಣ್ಣು ಮುಚ್ಚಿದರು. ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಯಾಕೆ ಕೊಡಲಿಲ್ಲ ಎಂದು ನಾನು ರಂಗನಾಥನನ್ನು ಕೇಳುವಷ್ಟು ದೊಡ್ಡವಳಲ್ಲ. ಈಗಲೂ ಅವನ ಮುಂದೆ ನಿಂತರೆ ಮೊದಲು ಗೌರಮ್ಮನ ಹೆಸರು ಹೇಳುತ್ತೇನೆ, ಆಮೇಲೆ ಚೆಂಬಿನ ನೀರು ಕೊಟ್ಟ, ಹೆಸರೇ ಗೊತ್ತಿಲ್ಲದ ಆ ತಾಯಿಗೆ ಕೈ ಮುಗಿಯುತ್ತೇನೆ.