ಮಾದರಿ ನುಂಗಿದ ಮೆಟ್ಟಿಲು

ಮೂರು ವರ್ಷಗಳ ಹಿಂದಿನ ಮಾರ್ಚ್ ತಿಂಗಳು. ಕಟ್ಟಡಗಳ ಒಳಾಂಗಣವನ್ನು ಚಿತ್ರೀಕರಿಸಿ ಕಂಪ್ಯೂಟರಿನಲ್ಲಿ ಮೂರು ಆಯಾಮದ ಮಾದರಿಯಾಗಿ ಮರುಕಟ್ಟುವುದು ನನ್ನ ಕೆಲಸ. ಜಯನಗರದಲ್ಲಿ ಸಣ್ಣದೊಂದು ಕಚೇರಿ. ಈ ವಿದ್ಯೆಗೆ ಫೋಟೋಗ್ರಾಮೆಟ್ರಿ ಎನ್ನುತ್ತಾರೆ. ಒಂದು ಕೋಣೆಯ ನೂರಾರು ಚಿತ್ರಗಳನ್ನು, ಪ್ರತಿ ಚಿತ್ರದ ಬಹುಭಾಗ ಮುಂದಿನದರಲ್ಲೂ ಇರುವಂತೆ, ತೆಗೆಯಬೇಕು. ಗೋಡೆಯ ಬಿರುಕು, ನೆಲದ ಕಲೆ ಮುಂತಾದ ಗುರುತುಗಳನ್ನು ಸಾಫ್ಟ್‌ವೇರ್ ಚಿತ್ರದಿಂದ ಚಿತ್ರಕ್ಕೆ ಹುಡುಕಿ, ಹೊಂದಿಸಿ, ಕೋಣೆಯ ಆಕಾರವನ್ನು ಲೆಕ್ಕ ಹಾಕುತ್ತದೆ. ಮನೆ ಮಾರುವವರೇ ನಮ್ಮಲ್ಲಿಗೆ ಹೆಚ್ಚಾಗಿ ಬರುತ್ತಿದ್ದರು. ಸರೋಜಾ ಅವರು ಕರೆ ಮಾಡಿದ್ದು ಬೇರೆಯದೇ ಕಾರಣಕ್ಕೆ.

ಅವರು ಬನಶಂಕರಿಯ ಪ್ರೌಢಶಾಲೆಯೊಂದರಲ್ಲಿ ಗಣಿತ ಶಿಕ್ಷಕಿ. ಅಪಘಾತವೊಂದರ ನಂತರ ಗಾಲಿಕುರ್ಚಿ ಬಳಸುತ್ತಿದ್ದರು. ವಾಸ ಜೆ.ಪಿ. ನಗರದ ಇಪ್ಪತ್ತನಾಲ್ಕು ಫ್ಲ್ಯಾಟ್‌ಗಳ ಅಪಾರ್ಟ್‌ಮೆಂಟಿನ ಎರಡನೆಯ ಮಹಡಿಯಲ್ಲಿ. ಲಿಫ್ಟ್ ಇತ್ತು, ಆದರೆ ಮುಂಬಾಗಿಲಿನ ಹಾಲ್‌ನಿಂದ ಲಿಫ್ಟ್ ತಲುಪಲು ಮೆಟ್ಟಿಲುಗಳಿದ್ದವು.

"ಇಬ್ಬರು ನನ್ನನ್ನ ಗ್ಯಾಸ್ ಸಿಲಿಂಡರ್ ಥರ ಎತ್ಕೊಂಡು ಇಳಿಸ್ತಾರೆ ಮೇಡಂ," ಎಂದರು ಫೋನಿನಲ್ಲಿ. "ಜೂನ್‌ನಲ್ಲಿ ಸ್ಕೂಲ್ ಶುರು. ದಿನಾ ಎರಡು ಸಲ ಸಿಲಿಂಡರ್ ಆಗೋಕೆ ನಾನು ತಯಾರಿಲ್ಲ. ಮೆಡಿಕಲ್ ರಜೆನೂ ಅಷ್ಟೊತ್ತಿಗೆ ಮುಗಿಯುತ್ತೆ. ರ್‍ಯಾಂಪ್ ಆಗದಿದ್ರೆ ಕೆಲಸ ಬಿಡ್ಬೇಕು."

ಕಾಗದದ ನಕ್ಷೆಯನ್ನು ಅವರು ಆಗಲೇ ಅಪಾರ್ಟ್‌ಮೆಂಟಿನ ನಿವಾಸಿಗಳ ಸಂಘದ ಮುಂದಿಟ್ಟಿದ್ದರು. 'ಜಾಗವಿಲ್ಲ' ಎಂಬ ಒಂದೇ ಪದದಲ್ಲಿ ಅದನ್ನು ತಳ್ಳಿಹಾಕಲಾಗಿತ್ತು. ತಮ್ಮದೇ ಹಾಲ್‌ನೊಳಗೆ ರ್‍ಯಾಂಪ್ ಕೂತಿರುವುದನ್ನು ಕಣ್ಣಾರೆ ಕಂಡರೆ ನಿವಾಸಿಗಳು ಒಪ್ಪಿಯಾರು ಎಂಬುದು ಅವರ ಆಸೆ.

ಸಂಘದ ಕಾರ್ಯದರ್ಶಿ ರಂಗನಾಥ್ ನಿವೃತ್ತ ಎಂಜಿನಿಯರ್, ನಗುಮುಖದವರು. ಮೊದಲ ಭೇಟಿಯಲ್ಲೇ "ಎತ್ಕೊಂಡು ಹೋಗೋಕೆ ನಮ್ಮ ಹುಡುಗರಿದ್ದಾರಲ್ಲ ಮೇಡಂ, ಪ್ರೀತಿಯಿಂದ ಮಾಡ್ತಾರೆ," ಎಂದರು. ಒಬ್ಬರ ಹಕ್ಕನ್ನು ಇನ್ನೊಬ್ಬರ ಉಪಕಾರವಾಗಿ ಬದಲಿಸುವುದು ಅನ್ಯಾಯವೆಂದು ನಾನು ಅಲ್ಲೇ ಹೇಳಿದೆ. ಅವರು ನೊಂದುಕೊಂಡರು, ಆದರೂ ಕಾಫಿ ತರಿಸಿದರು.

ಮುಂಬಾಗಿಲಿನ ಪಕ್ಕದಲ್ಲಿ ಇನ್ನೊಂದು ಅನ್ಯಾಯ ಬೋರ್ಡಿನ ಮೇಲೆಯೇ ಇತ್ತು: 'ಮನೆಗೆಲಸದವರು ಹಿಂಬಾಗಿಲು ಮತ್ತು ಹಿಂದಿನ ಮೆಟ್ಟಿಲನ್ನೇ ಬಳಸತಕ್ಕದ್ದು.' ಅದನ್ನು ಓದಿದೆ, ಮನಸ್ಸಿನಲ್ಲೇ ಖಂಡಿಸಿದೆ. ಬಂದಿರುವುದು ರ್‍ಯಾಂಪಿಗೆ ಎಂದು ಸಮಾಧಾನ ಹೇಳಿಕೊಂಡು, ಕ್ಯಾಮೆರಾದ ಚೌಕಟ್ಟಿನಿಂದ ಬೋರ್ಡನ್ನು ಹೊರಗಿಟ್ಟೆ. ಆ ತಪ್ಪು ನನ್ನದು.

ಮೊದಲ ದಿನದ ಚಿತ್ರೀಕರಣ ಪೂರ್ತಿ ಕೆಟ್ಟಿತು. "ಶೂಟಿಂಗ್ ಅಂದ್ರಲ್ಲ, ನೆಲಕ್ಕೆ ಪಾಲಿಶ್ ಹಾಕ್ಸಿದ್ದೀನಿ. ಮುಖ ನೋಡ್ಕೋಬಹುದು!" ಎಂದು ರಂಗನಾಥ್ ಬೀಗಿದ್ದರು. ಸಾಫ್ಟ್‌ವೇರಿಗೆ ಹೊಳೆಯುವ ಗ್ರಾನೈಟಿನಲ್ಲಿ ಹಿಡಿದುಕೊಳ್ಳಲು ಒಂದು ಗುರುತೂ ಸಿಗಲಿಲ್ಲ. ಮಾದರಿಯಲ್ಲಿ ನೆಲವಿರಬೇಕಾದ ಕಡೆ ದೊಡ್ಡ ತೂತು; ತೂತಿನೊಳಗೆ ತಲೆಕೆಳಗಾದ ಟ್ಯೂಬ್‌ಲೈಟು. ಸ್ಪಷ್ಟವಾಗಿ ಮೂಡಿದ್ದು ಹೊಸ್ತಿಲಾಚೆಯ ರಂಗೋಲಿ ಮಾತ್ರ.

ರಂಗೋಲಿ ಹಾಕಿದ್ದವರು ಮಂಜುಳಾ. ಸುಬ್ರಹ್ಮಣ್ಯಪುರದಿಂದ ಬೆಳಿಗ್ಗೆ ಆರಕ್ಕೆ ಬಂದು ಮುಂಬಾಗಿಲಿಗೆ ರಂಗೋಲಿ ಹಾಕಿ, ಹಾಲ್ ಒರೆಸಿ, ಆಮೇಲೆ ಹಿಂದಿನಿಂದ ಸುತ್ತಿಕೊಂಡು ನಾಲ್ಕು ಮನೆಗಳ ಕೆಲಸಕ್ಕೆ ಹತ್ತುತ್ತಿದ್ದರು. ಸಾಫ್ಟ್‌ವೇರಿಗೆ ಗುರುತು ಸಿಗಲೆಂದು, ಒಳಗೂ ರಂಗೋಲಿ ಹಾಕುವಿರಾ ಎಂದು ಕೇಳಿದೆ. "ಎಲ್ಲಾ ಮೆಟ್ಟಿಲಿಗೂ ಒಂದೇ ಹೂವು ಹಾಕಿ, ಚೆನ್ನಾಗಿ ಕಾಣುತ್ತೆ," ಎಂದೂ ಸೇರಿಸಿದೆ. ಅವರು ಎಂಟೆಸಳಿನ ಹೂವನ್ನು ಅಚ್ಚೊತ್ತಿದಂತೆ ಮೆಟ್ಟಿಲು ಮೆಟ್ಟಿಲಿಗೂ ಬಿಡಿಸಿದರು.

ಈ ಬಾರಿಯ ಮಾದರಿ ಸೊಗಸಾಗಿತ್ತು. ಮೂರು ಮೆಟ್ಟಿಲು, ಒಂದೊಂದೂ ಹದಿನೈದು ಸೆಂಟಿಮೀಟರ್, ಒಟ್ಟು ಎತ್ತರ ನಲವತ್ತೈದು. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಬೇಕೆಂಬ ನಿಯಮದಂತೆ ರ್‍ಯಾಂಪಿಗೆ 5.4 ಮೀಟರ್ ಸಾಕು. ಲ್ಯಾಪ್‌ಟಾಪ್ ನೋಡಿ ರಂಗನಾಥ್ ಹಿಗ್ಗಿದರು. "ಮೂರೇ ಮೆಟ್ಲಾ? ಇದಕ್ಕೆ ಇಷ್ಟು ಗಲಾಟೆನಾ? ಈಗ್ಲೇ ಮೇಸ್ತ್ರಿಗೆ ಹೇಳ್ಬಿಡೋಣ!"

ಬಕೆಟ್ ಹಿಡಿದು ಹಿಂದೆ ನಿಂತಿದ್ದ ಮಂಜುಳಾ ಬಗ್ಗಿ ನೋಡಿದರು. "ಮೇಡಂ, ನಿಮ್ ಕಂಪ್ಯೂಟರ್ರು ಒಂದು ಮೆಟ್ಲು ನುಂಗ್ಬಿಟ್ಟಿದೆ."

"ಇಲ್ಲಮ್ಮ, ಅದು ಲೆಕ್ಕ ಹಾಕಿ ಕಟ್ಟಿರೋದು," ಎಂದೆ ನಾನು.

"ದಿನಾ ಒರೆಸೋಳು ನಾನು. ನಾಲ್ಕು."

ಎದ್ದು ಹೋಗಿ ಎಣಿಸಿದೆವು. ನಾಲ್ಕು. ಒಂದೇ ಬಗೆಯ ಹೂವುಗಳ ನಡುವೆ ಸಾಫ್ಟ್‌ವೇರ್ ಎರಡು ಮೆಟ್ಟಿಲುಗಳನ್ನು ಒಂದೆಂದು ಭಾವಿಸಿ ಬೆಸೆದುಬಿಟ್ಟಿತ್ತು. ನನ್ನ ಅಳತೆಯಂತೆ ಕಟ್ಟಿದ್ದರೆ ಅರವತ್ತು ಸೆಂಟಿಮೀಟರ್ ಎತ್ತರವನ್ನು 5.4 ಮೀಟರಿನಲ್ಲೇ ಏರಬೇಕಿತ್ತು. ಅಷ್ಟು ಕಡಿದಾದ ಇಳಿಜಾರಿನಲ್ಲಿ ಸರೋಜಾ ಅವರ ಕುರ್ಚಿ ಕೈತಪ್ಪಿ ಬಾಗಿಲಿಗೆ ಹೋಗಿ ಬಡಿಯುತ್ತಿತ್ತು. ಮಾದರಿ ತಪ್ಪಬಹುದು, ಒರೆಸುವವರ ಮಾತಿಗಿಂತ ಅದನ್ನೇ ನಂಬಿದ್ದು ನನ್ನ ಅಹಂಕಾರ.

ಮರುದಿನ ರಂಗೋಲಿಯ ನಿಯಮ ಬದಲಾಯಿತು: ಒಂದರಂತೆ ಇನ್ನೊಂದಿರಕೂಡದು, ಸೊಟ್ಟಗಿದ್ದಷ್ಟೂ ಒಳ್ಳೆಯದು.

"ಸೊಟ್ಟಗೆ ಬಿಡಿಸೋಕೆ ನಂಗೆ ಬರಲ್ಲ ಮೇಡಂ," ಎಂದರು ಮಂಜುಳಾ. "ಸೆಕ್ರೆಟರಿ ಸಾರ್‌ನ ಕರೀರಿ."

ರಂಗನಾಥ್ ನಿಜಕ್ಕೂ ಪಂಚೆ ಎತ್ತಿ ಕಟ್ಟಿ ಕೂತರು. ಅವರು ಆನೆ ಬಿಡಿಸಿದರು. "ಹಲಸಿನಹಣ್ಣಿಗೆ ಬಾಲ ಯಾಕೆ ಸಾರ್?" ಎಂದು ಮಂಜುಳಾ ಕೇಳಿದ್ದಕ್ಕೆ ಇಡೀ ಹಾಲ್ ನಕ್ಕಿತು. ಕುರ್ಚಿಯನ್ನು ಮೇಲಿನ ಮೆಟ್ಟಿಲಿನ ಅಂಚಿಗೆ ತಂದು ಸರೋಜಾ ಕೈಚಾಚಿ ಒಂದು ಸಮೀಕರಣ ಬರೆದರು. ಈ ಸಲ ನಾನು ಬೋರ್ಡನ್ನೂ ಬಿಡದೆ ಚಿತ್ರೀಕರಿಸಿದೆ. ಮಾದರಿಯಲ್ಲಿ ನಾಲ್ಕೂ ಮೆಟ್ಟಿಲು ಬಂದವು. ಟೇಪ್ ಹಿಡಿದೂ ಅಳೆದೆವು.

ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ ಸಭೆ. ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಮೂಡಿದ ಮಾದರಿಯೊಳಗೆ ಕೆಂಪು ಬಣ್ಣದ ರ್‍ಯಾಂಪ್ ಇಟ್ಟು ತೋರಿಸಿದೆ: 3.6 ಮೀಟರಿನ ಎರಡು ಮಡಿಕೆ, ನಡುವೆ ಕುರ್ಚಿ ತಿರುಗಿಸಲು ಒಂದೂವರೆ ಮೀಟರ್ ಸಮತಟ್ಟು. ಅಡ್ಡವಿದ್ದದ್ದು ಯಾರೂ ಕೂರದ ಸೋಫಾ ಒಂದೇ. ಮಾದರಿಯನ್ನು ತಿರುಗಿಸುವಾಗ ಆ ಬೋರ್ಡು ಗೋಡೆಯ ತುಂಬ ದೊಡ್ಡದಾಗಿ ಬಂತು. ಎಲ್ಲರೂ ಓದಿದರು.

ಸರೋಜಾ ಹೇಳಿದರು: "ಮೆಟ್ಟಿಲು ಎಣಿಸಿ ಕೊಟ್ಟೋಳು ಮಂಜುಳಾ. ಅವಳು ಒರೆಸೋಕೆ ಬರಬಹುದು, ಹತ್ತೋಕೆ ಬರಬಾರದು ಅಂದ್ರೆ ಆ ರ್‍ಯಾಂಪ್ ನಂಗೂ ಬೇಡ."

ಹಾಗೆಂದು ಸರೋಜಾ ಕಳೆದುಕೊಳ್ಳಬಹುದಾಗಿದ್ದದ್ದು ತಮ್ಮ ಶಾಲೆಯ ಕೆಲಸವನ್ನೇ ಎಂಬುದು ಸಭೆಗೆ ಗೊತ್ತಿತ್ತು. ಗೊಣಗಾಟ ನಡೆಯಿತು, ಒಬ್ಬರು ಎದ್ದುಹೋದರು. ಕೊನೆಗೆ ಇಳಿಜಾರು ಕಟ್ಟುವುದು, ಬೋರ್ಡು ತೆಗೆಯುವುದು ಎರಡಕ್ಕೂ ಹದಿನೇಳು ಕೈಗಳು ಮೇಲೆದ್ದವು. ಬೋರ್ಡು ಕಳಚಲು ಸ್ಕ್ರೂಡ್ರೈವರ್ ತಂದವರು ರಂಗನಾಥ್.

ಶಾಲೆ ತೆರೆದ ದಿನ ನಾನೂ ಹೋಗಿದ್ದೆ. ಲಿಫ್ಟಿನಿಂದ ಸರೋಜಾ ಹೊರಬಂದರು. ಅವರ ಹಿಂದೆಯೇ ಮೇಲಿನ ಮನೆಯೊಂದರ ಕೆಲಸ ಮುಗಿಸಿದ ಮಂಜುಳಾ ಇಳಿದರು. ರಂಗನಾಥ್ ಅಭ್ಯಾಸಬಲದಿಂದ ಓಡಿಬಂದು ಕುರ್ಚಿಯ ಹಿಡಿಕೆಗೆ ಕೈಹಾಕಿದರು.

"ಸಾರ್, ಕೈ ತೆಗೀರಿ," ಎಂದರು ಸರೋಜಾ.

ತೆಗೆದರು. ಸರೋಜಾ ಒಬ್ಬರೇ ಇಳಿಜಾರು ಇಳಿದು ಬೀದಿಗೆ ಹೊರಟರು.

ಈಗ ಯಾವ ಕಟ್ಟಡಕ್ಕೆ ಹೋದರೂ ಮೊದಲ ದಿನ ನಾನು ಕ್ಯಾಮೆರಾ ತೆಗೆಯುವುದಿಲ್ಲ. ಆ ನೆಲವನ್ನು ಒರೆಸುವವರನ್ನು ಹುಡುಕಿ, ಅವರೊಂದಿಗೆ ಒಂದು ಸುತ್ತು ಹಾಕಿ, ಅವರು ಹೇಳಿದ್ದನ್ನು ಬರೆದುಕೊಳ್ಳುತ್ತೇನೆ. ವರದಿಯಲ್ಲಿ ಅಳತೆ ಪರಿಶೀಲಿಸಿದವರು ಎಂಬಲ್ಲಿ ನನ್ನ ಹೆಸರಿಗಿಂತ ಮೊದಲು ಅವರ ಹೆಸರಿರುತ್ತದೆ.