ಬಿಚ್ಚಲು ಬರುವ ಮಂಚ

ತಂಗಿ ಕಾಯಿಲೆಯಲ್ಲಿ ತೀರಿಕೊಂಡ ಮೇಲೆ ಅವಳ ಮಗಳನ್ನು ಸೊರಬದಿಂದ ಶಿಕಾರಿಪುರಕ್ಕೆ, ನಮ್ಮ ಮನೆಗೆ ಕರೆತಂದೆ. ಆರು ವರ್ಷದ ಕೂಸು. "ಸ್ವಲ್ಪ ದಿನ ನಿಮ್ಮ ಹತ್ರ ಇರ್ಲಿ ಅಕ್ಕಾ, ಆಮೇಲೆ ಕರ್ಕೊಂಡು ಹೋಗ್ತೀನಿ" ಎಂದು ಕೂಸಿನ ಅಪ್ಪ ಅದರ ಎದುರಿಗೇ ಹೇಳಿದ್ದ. ಅವನ ಮನೆಯವರು ಆಗಲೇ ಅವನಿಗೆ ಇನ್ನೊಂದು ಹೆಣ್ಣು ನೋಡುತ್ತಿದ್ದರು. ನಾನು ಕಳಿಸಿದರೆ ತಾನೇ ಎಂದು ಮನಸ್ಸಿನಲ್ಲೇ ಅವನೊಡನೆ ಜಗಳವಾಡಿಕೊಂಡು ಬಂದೆ.

ಹತ್ತು ವರ್ಷದ ನನ್ನ ಮಗಳ ಕೋಣೆ ಚಿಕ್ಕದು. ಪಕ್ಕಪಕ್ಕ ಎರಡು ಮಂಚ ಹಿಡಿಯುವುದಿಲ್ಲ, ಒಂದರ ಮೇಲೊಂದು ಇರುವ ಮಂಚವೇ ಗತಿ. ಅದನ್ನು ಆರಿಸಲು ಹೋಗಿ ಶಿರಾಳಕೊಪ್ಪದ ಅಂಗಡಿಯವರ ತಲೆ ತಿಂದೆ. ಮೇಲಿನ ಅಡ್ಡಕಂಬಿ ಹಾಸಿಗೆಗಿಂತ ಗೇಣುದ್ದವಾದರೂ ಎತ್ತರ ಇರಬೇಕು, ಸರಳುಗಳ ನಡುವೆ ತಲೆ ತೂರಬಾರದು, ಏಣಿ ಜಾರಬಾರದು, ಮೇಲೆ ಮಲಗುವ ಮಗಳು ಎದ್ದು ಕೂತರೆ ಕೈ ಫ್ಯಾನಿಗೆ ತಾಗಬಾರದು. ತಂಗಿಯನ್ನಂತೂ ಉಳಿಸಿಕೊಳ್ಳಲಾಗಲಿಲ್ಲ, ಈ ಮಕ್ಕಳಿಗೆ ಒಂದು ತರಚು ಗಾಯವೂ ಆಗಬಾರದು ಎಂಬ ಹಟ ನನಗೆ.

ಅಳೆದೂ ಸುರಿದೂ ಒಂದನ್ನು ಒಪ್ಪಿದೆ. ಕಬ್ಬಿಣದ್ದು, ಮೇಲೂ ಕೆಳಗೂ ಸೇರಿಸಿ ವೆಲ್ಡ್ ಮಾಡಿದ್ದು. ಹಿಡಿದು ಅಲುಗಾಡಿಸಿದರೂ ಕಿರ್ ಎನ್ನಲಿಲ್ಲ.

"ಅದರ ಪಕ್ಕದ್ದೂ ಗಟ್ಟೀನೇ ಐತ್ರೀ ಅಮ್ಮಾ," ಎಂದರು ಅಂಗಡಿಯವರು. "ಬೋಲ್ಟ್ ಬಿಚ್ಚಿದ್ರೆ ಬೇರೆ ಬೇರೆ ಎರಡು ಮಂಚ ಆಗ್ತಾವೆ."

"ನಮಗೆ ಬಿಚ್ಚೋದು ಬ್ಯಾಡ್ರೀ" ಎಂದೆ.

ಜೊತೆಗೆ ಬಂದಿದ್ದ ಕೂಸು ನನ್ನ ಸೆರಗು ಎಳೆಯಿತು. "ದೊಡ್ಡಮ್ಮಾ, ಬಿಚ್ಚಕ್ಕೆ ಬರೋದೇ ತಗಳಣ. ನಾನು ಹೋದ್ಮೇಲೆ ಅಕ್ಕ ದಿನಾ ಏಣಿ ಹತ್ತೋದು ತಪ್ಪುತ್ತೆ."

"ಎಲ್ಲಿಗೆ ಹೋಗ್ತೀಯೇ ನೀನು?" ಎಂದು ಗದರಿದೆ.

"ಅಪ್ಪ ಕರ್ದಾಗ."

ಅಂಗಡಿಯವರು ಬೇರೆ ಕಡೆ ನೋಡಿದರು. ನೀನು ಎಲ್ಲಿಗೂ ಹೋಗುವುದಿಲ್ಲ ಎನ್ನಲು ಬಾಯಿ ತೆರೆದೆ. ಆದರೆ ಅವನು ಹೆತ್ತ ಅಪ್ಪ. ನಾನು ಎಷ್ಟೇ ಜೋರಿನವಳಾದರೂ ಆ ಮಾತು ಕೊಡುವ ಹಕ್ಕು ನನಗಿರಲಿಲ್ಲ. ಬೋಲ್ಟಿನದನ್ನೇ ಕೊಡಿ ಎಂದೆ.

ಮರುದಿನ ಅಂಗಡಿಯ ಆಳು ಬಂದು ಮಂಚ ಜೋಡಿಸಿದ. ನನ್ನ ಮಗಳು ಮೇಲೆ ಹತ್ತಿ ಕೂತು ಕಾಲು ಬಿಟ್ಟಳು. ನಾನು ಒಂದೊಂದು ಬೋಲ್ಟನ್ನೂ ಮುಟ್ಟಿ ನೋಡುತ್ತ, "ಇನ್ನೂ ಬಿಗಿಮಾಡಪ್ಪಾ, ಇನ್ನೂ ಸ್ವಲ್ಪ" ಎನ್ನುತ್ತಿದ್ದೆ. ಕೂಸು ಕೆಳಗಿನ ಹಾಸಿಗೆಯ ಅಂಚಿನಲ್ಲಿ, ನೆಂಟರ ಮನೆಯಲ್ಲಿ ಕೂರುವ ಹಾಗೆ ಕೂತಿತ್ತು.

"ಸಾಕು ದೊಡ್ಡಮ್ಮಾ," ಎಂದಿತು. "ಆಮೇಲೆ ಬಿಚ್ಚಕ್ಕೆ ಬರಲ್ಲ."